ಡಬ್ಬಲ್ ಚೋಲ್‌ಗೆ ಅಡಿಕೆ ಇಡುತ್ತೀರಾ? ಯಾವ ಚೀಲ, ಎಷ್ಟು ಒಣಗಬೇಕು, ಎಲ್ಲಿ ಅಟ್ಟಿ ಹಾಕಬೇಕು ನೋಡಿ

ಪತ್ತನಾಜೆ ಹತ್ತಿರ ಬಂತೆಂದರೆ ಪುತ್ತೂರು, ಸುಳ್ಯ, ಬೆಳ್ತಂಗಡಿ, ಬಂಟ್ವಾಳ ಕಡೆ ಅಂಗಳದ ಅಡಿಕೆ ಒಳಗೆ ಹಾಕುವ ಗಡಿಬಿಡಿ. ತುರ್ತು ಖರ್ಚಿಗೆ ಬೇಕಾದಷ್ಟು ಹೊಸ ಅಡಿಕೆ ಮಾರಿ, ಉಳಿದದ್ದನ್ನು ಸಿಂಗಲ್ ಚೋಲ್, ಸಾಧ್ಯವಾದರೆ ಡಬ್ಬಲ್ ಚೋಲ್ ಮಾಡೋಣ ಅಂತ ಇಡುವವರು ಹಲವರು. ಹಳೆ ಅಡಿಕೆಗೆ ಸಾಮಾನ್ಯವಾಗಿ ಹೊಸತಕ್ಕಿಂತ ಹೆಚ್ಚು ರೇಟು ಇರುವುದೇ ಇದಕ್ಕೆ ಕಾರಣ. ಆದರೆ ಒಂದು ಮಳೆಗಾಲ, ಎರಡು ಮಳೆಗಾಲ ದಾಟಿಸುವುದು ಸುಲಭದ ಕೆಲಸವಲ್ಲ. ಚೀಲದ ವಿಷಯದಲ್ಲಿ ಸಣ್ಣ ಉಳಿತಾಯ ಮಾಡಲು ಹೋಗಿ ಪಟೋರ ಆಗಬೇಕಾದ್ದು ಕರಿಗೋಟು, ಕೋಕದ ಸಾಲಿಗೆ ಹೋದರೆ ಕಾದದ್ದೆಲ್ಲ ನೀರಿಗೆ ಹಾಕಿದಂತೆ.

ಮೊದಲು ಲೆಕ್ಕ ಹಾಕಿ

ಉದಾಹರಣೆಗೆ ಕೆಜಿಗೆ 400 ರೂ. ಅಂತ ಇಟ್ಟುಕೊಳ್ಳಿ. ಒಂದು ಕ್ವಿಂಟಲ್‌ಗೆ 40,000 ರೂ. ಇಟ್ಟ ಅಡಿಕೆ ಇನ್ನಷ್ಟು ಒಣಗಿ ತೂಕ ಇಳಿಯುತ್ತದೆ. ವರ್ಷದಲ್ಲಿ 4 ಕೆಜಿ ಇಳಿದು 96 ಕೆಜಿ ಉಳಿಯಿತು ಅಂದರೆ, ಹಾಕಿದ ದುಡ್ಡು ಬರಲಿಕ್ಕೇ ಕೆಜಿಗೆ 417 ರೂ. ಸಿಗಬೇಕು. ಅದೇ ಹೊತ್ತಿಗೆ 40,000 ರೂ. ಸಾಲಕ್ಕೆ ಶೇ.9ರಂತೆ ಬಡ್ಡಿ ಕಟ್ಟುತ್ತಿದ್ದರೆ 3,600 ರೂ. ಸೇರಿ ಕೆಜಿಗೆ 454 ರೂ. ಆದರೆ ಮಾತ್ರ ಸಮಸಮ. ಅದರ ಮೇಲೆ ಸಿಕ್ಕಿದ್ದೇ ಲಾಭ. ಇದರಲ್ಲಿ ಐದು ಕೆಜಿ ಹುಳ ತಿಂದರೆ ಆ ಲಾಭವೂ ಹೋಯಿತು. ಹಾಗಾಗಿ ಒಳ್ಳೆ ಚೀಲಕ್ಕೆ ಹಾಕುವ ಹಣ ದೊಡ್ಡ ಖರ್ಚಲ್ಲ.

ಚೀಲ ಒಣಗಿಸುವುದಿಲ್ಲ

ಇದನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ಸಮಸ್ಯೆ ಮುಗಿಯಿತು. ಯಾವ ಚೀಲವೂ ಅಡಿಕೆಯನ್ನು ಒಣಗಿಸುವುದಿಲ್ಲ. ನೀವು ಹಾಕುವಾಗ ಎಷ್ಟು ಒಣಗಿತ್ತೋ ಅದನ್ನು ಕಾಯುತ್ತದೆ, ಅಷ್ಟೇ. ಚಾಲಿಗೆ ಒಳ್ಳೆ ಬಿಸಿಲಲ್ಲಿ 40ರಿಂದ 45 ದಿನ ಬೇಕು. ಸೋಲಾರ್ ಡ್ರೈಯರ್ ಇದ್ದವರಿಗೆ ಸ್ವಲ್ಪ ಬೇಗ ಆಗುತ್ತದೆ. ಅಕಾಲ ಮಳೆ ಬಂದ ವರ್ಷ ದಿನ ಎಣಿಸಿ ಪ್ರಯೋಜನವಿಲ್ಲ, ಅಡಿಕೆಯನ್ನೇ ಒಡೆದು ನೋಡಬೇಕು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದೆ. ಸುಲಿದ ಅಡಿಕೆ ಒಂದು ಹಿಡಿ ತೆಗೆದು ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು ನಾಲ್ಕೈದು ಗಂಟೆ ಬಿಸಿಲಲ್ಲಿಡಿ. ಒಳಗಿನ ಗಾಜಿನ ಮೇಲೆ ಆವಿ, ಹನಿ ಕಂಡರೆ ಇನ್ನೂ ಒಣಗಬೇಕು ಅಂತ ಅರ್ಥ. ಹನಿ ಕಾಣದಿದ್ದರೂ ನಾಲ್ಕೈದು ಅಡಿಕೆ ಒಡೆದು ಮಧ್ಯಭಾಗ ಮುಟ್ಟಿ ನೋಡುವುದು ಒಳ್ಳೆಯದು. ತೇವಾಂಶ ಮಾಪಕ ಇರುವ ಅಂಗಡಿಗೆ ಸ್ಯಾಂಪಲ್ ಒಯ್ದರೆ ಇನ್ನೂ ಉತ್ತಮ. ಎಫ್‌ಎಸ್‌ಎಸ್‌ಎಐ ಮಾನದಂಡದಲ್ಲಿ ಶೇ.7 ಅಂತ ಇದೆ. ಅದನ್ನು ಶೇ.11ಕ್ಕೆ ಏರಿಸಬೇಕು ಅಂತ ಬೆಳೆಗಾರರ ಕಡೆಯಿಂದ ಒತ್ತಾಯವಿದೆ. ಆ ಚರ್ಚೆ ಏನೇ ಇರಲಿ, ಎರಡು ವರ್ಷ ಇಡುವ ಅಡಿಕೆ ಒಣಗಿದಷ್ಟೂ ಒಳ್ಳೆಯದು.

ಇನ್ನೊಂದು ವಿಷಯ. ಮಧ್ಯಾಹ್ನದ ಬಿಸಿಲಲ್ಲಿ ಕಾದ ಅಡಿಕೆಯನ್ನು ಹಾಗೇ ಪ್ಲಾಸ್ಟಿಕ್‌ಗೆ ತುಂಬಿ ಕಟ್ಟಬೇಡಿ. ರಾತ್ರಿ ತಣ್ಣಗಾಗುವಾಗ ಒಳಗೇ ಬೆವರುತ್ತದೆ. ಹಾಗಂತ ರಾತ್ರಿಯಿಡೀ ಬಿಟ್ಟರೆ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಧ್ಯಾಹ್ನ ಬಾಚಿ, ನೆರಳಲ್ಲಿ ತಣಿಸಿ, ಅದೇ ಸಂಜೆ ತುಂಬಿ ಕಟ್ಟುವುದು ಸರಿ.

ಯಾವುದು ಎಷ್ಟಕ್ಕೆ

ಬರೀ ಗೋಣಿಚೀಲ ಉಸಿರಾಡುತ್ತದೆ. ಬೇಸಿಗೆಯಲ್ಲಿ ಇದೇ ಅದರ ಗುಣ, ಆಟಿ ತಿಂಗಳಲ್ಲಿ ಇದೇ ದೋಷ. ಹೊರಗಿನ ತೇವ ನೇರ ಒಳಗೆ ಹೋಗಿ ಅಡಿಕೆ ಮೇಲೆ ಬೂಷ್ಟು ಬರುತ್ತದೆ. ಮೇ ಕೊನೆಯೊಳಗೆ ಮಾರುವ ಮಾಲಿಗೆ ಗೋಣಿ ಧಾರಾಳ ಸಾಕು, ಮಳೆಗಾಲ ದಾಟಿಸಲು ಸಾಲದು.

ಖಾಲಿ ಗೊಬ್ಬರದ ಚೀಲ ಹೆಚ್ಚಿನವರ ಮನೆಯಲ್ಲಿ ಬಿದ್ದಿರುತ್ತದೆ, ಹಾಗಾಗಿ ಅದಕ್ಕೇ ತುಂಬುವವರಿದ್ದಾರೆ. ದಯವಿಟ್ಟು ಬೇಡ. ತೊಳೆದರೂ ಹೆಣಿಗೆಯ ಸಂದಿಯಲ್ಲಿ ಯೂರಿಯಾ ಉಳಿಯುತ್ತದೆ, ಅದು ಗಾಳಿಯ ನೀರನ್ನು ಎಳೆಯುವ ವಸ್ತು. ವಾಸನೆಯೂ ಹಿಡಿಯುತ್ತದೆ. ಅಡಿಕೆ ಬಾಯಿಗೆ ಹಾಕುವ ಪದಾರ್ಥ ಅನ್ನುವುದು ನೆನಪಿರಲಿ. ಕೀಟನಾಶಕ ಇಟ್ಟಿದ್ದ ಚೀಲದ ಬಗ್ಗೆ ಹೇಳುವುದೇ ಬೇಡ. ಇನ್ನು ಹೊಸ ಪ್ಲಾಸ್ಟಿಕ್ ಹೆಣಿಗೆ ಚೀಲ ಸ್ವಚ್ಛವೇನೋ ಹೌದು, ಆದರೆ ಒಳಗೆ ಲೈನರ್ ಇಲ್ಲದಿದ್ದರೆ ಅದೂ ಗಾಳಿ ತಡೆಯುವುದಿಲ್ಲ. ಮೇಲೆ ಮೇಲೆ ಇಟ್ಟರೆ ಜಾರುತ್ತದೆ ಬೇರೆ.

ನಮ್ಮ ಹವೆಗೆ ಹೊಂದುವುದು ಗೋಣಿಯೊಳಗೆ ಪಾಲಿಥಿನ್ ಲೈನರ್. ಲೈನರ್ ತೇವ ತಡೆಯುತ್ತದೆ, ಗೋಣಿ ಲೈನರನ್ನು ಹರಿಯದಂತೆ ಕಾಯುತ್ತದೆ. ಲೈನರ್ ತರಕಾರಿ ಕವರಿನ ಹಾಗೆ ತೆಳ್ಳಗಿದ್ದರೆ ಚೀಲ ಎಳೆಯುವಾಗಲೇ ಹರಿಯುತ್ತದೆ, ದಪ್ಪದ್ದೇ ಕೇಳಿ. ತುಂಬಿದ ಮೇಲೆ ಒಳಗಿನ ಗಾಳಿ ಒತ್ತಿ ತೆಗೆದು, ಬಾಯಿ ತಿರುಚಿ, ಮಡಚಿ ಸುತಳಿಯಲ್ಲಿ ಬಿಗಿಯಬೇಕು. ಗೋಣಿಯ ಬಾಯಿ ಬೇರೆಯಾಗಿ ಹೊಲಿಯಿರಿ. ಎರಡನ್ನೂ ಸೇರಿಸಿ ಹೊಲಿದರೆ ಸೂಜಿ ತೂತಿನಲ್ಲೇ ತೇವ ಹೋಗುತ್ತದೆ.

ಇನ್ನೂ ಭದ್ರ ಬೇಕಾದವರಿಗೆ ಕಾಫಿ, ಧಾನ್ಯಕ್ಕೆ ಬಳಸುವ ಹಲವು ಪದರದ ಗಾಳಿಯಾಡದ ಚೀಲಗಳಿವೆ. ಒಳಗಿನ ಹುಳಗಳು ಇರುವ ಆಮ್ಲಜನಕ ಮುಗಿಸಿ ತಾವೇ ಸಾಯುತ್ತವೆ, ಮದ್ದು ಬೇಡ. ಆದರೆ ಹಸಿ ಅಡಿಕೆ ಹಾಕಿ ಕಟ್ಟಿದರೆ ಕೆಡುವುದು ಖಂಡಿತ. ಇಲಿ ಒಂದು ತೂತು ಮಾಡಿದರೂ ಹಾಕಿದ ದುಡ್ಡು ವ್ಯರ್ಥ. ಸ್ವಲ್ಪವೇ ಅಡಿಕೆ ಇರುವವರಿಗೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ ಆಗುತ್ತದೆ, ಇಲಿ ಕಾಟ ಕಡಿಮೆ. ಡ್ರಮ್‌ನಲ್ಲಿ ಮೊದಲು ಏನಿತ್ತು ಅಂತ ಕೇಳಿಯೇ ತನ್ನಿ.

ಸಿಪ್ಪೆ ಸಹಿತ ಇಡುವವರೂ ಇದ್ದಾರೆ. ಸಿಪ್ಪೆಯೇ ಒಂದು ಹೊದಿಕೆ ಹೌದು, ಆದರೆ ಜಾಗ ತುಂಬಾ ಬೇಕು, ಒಳಗೆ ಕೆಟ್ಟದ್ದು ಸುಲಿಯುವವರೆಗೆ ಗೊತ್ತಾಗುವುದಿಲ್ಲ.

ಹುಳ ಎಲ್ಲಿಂದ ಬರುತ್ತದೆ

ದಾಸ್ತಾನು ಅಡಿಕೆ ಕೊರೆಯುವ ಸಣ್ಣ ದುಂಬಿಗಳಲ್ಲಿ ಒಂದು ಕಾಫಿ ಬೀಜವನ್ನೂ ಕಾಡುತ್ತದೆ. ಇನ್ನೊಂದು ಸಿಗರೇಟು ದುಂಬಿ ಅಂತಲೇ ಹೆಸರಾದದ್ದು. ತಂಬಾಕು, ಅರಿಶಿನ, ಒಣಮೆಣಸು, ಶುಂಠಿ, ಯಾವುದನ್ನೂ ಬಿಡುವುದಿಲ್ಲ. ವಿದೇಶದಲ್ಲಿ ದುಬಾರಿ ಸಿಗಾರನ್ನು ವರ್ಷಗಟ್ಟಲೆ ಹಳತು ಮಾಡುವವರಿಗೂ ಇದೇ ದುಂಬಿಯ ಹೆದರಿಕೆ. (ಅವರು ಸಿಗಾರ್ ಒಣಗಬಾರದು ಅಂತ ಮರದ ಪೆಟ್ಟಿಗೆಯೊಳಗಿನ ಗಾಳಿಯಲ್ಲಿ ಶೇ.65ರಿಂದ 70 ತೇವ ಕಾಯುತ್ತಾರೆ. ನಮ್ಮದು ಅದಕ್ಕೆ ತದ್ವಿರುದ್ಧ.) ಅಂಗಡಿಯವರು ಇಲ್ಲಿ ಗಮನಿಸಬೇಕು: ಹುಳ ಹಿಡಿದ ಅರಿಶಿನದ ಮೂಟೆ ಪಕ್ಕದಲ್ಲಿ ಅಡಿಕೆ ಇಟ್ಟರೆ ಹುಳ ಅಲ್ಲಿಂದ ಇಲ್ಲಿಗೆ ಬರಲು ಹೆಚ್ಚು ದಿನ ಬೇಡ. ಬೇರೆ ಬೇರೆ ಮನೆಯಿಂದ ಬಂದ ಮಾಲನ್ನು ನೋಡದೆ ಒಂದೇ ರಾಶಿಗೆ ಸುರಿಯಬಾರದು. ಹಳೆ ಗೋಣಿ ಮತ್ತೆ ಬಳಸುವುದಾದರೆ ಮಗುಚಿ ಕೊಡವಿ, ಎರಡು ಮೂರು ದಿನ ಕಡು ಬಿಸಿಲಿಗೆ ಹಾಕಿ.

ಹುಳ ಬಿದ್ದ ಮೇಲೆ ಕೆಲವರು ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ತಂದು ಅಟ್ಟದಲ್ಲೇ ಇಡುತ್ತಾರೆ. ಇದು ಪ್ರಾಣದ ಜೊತೆ ಆಟ. ಗಾಳಿಯ ತೇವ ತಾಗಿದರೆ ಮಾತ್ರೆಯಿಂದ ಫಾಸ್ಫೀನ್ ಅನಿಲ ಬರುತ್ತದೆ, ಅದಕ್ಕೆ ಪ್ರತಿವಿಷ ಇಲ್ಲ. ಅಟ್ಟದ ಹಲಗೆ ಸಂದಿಯಿಂದ ಕೆಳಗೆ ಮಲಗಿದವರ ಕೋಣೆಗೆ ಇಳಿಯಬಹುದು. ನಿಯಮದ ಪ್ರಕಾರವೂ ಇದು ತರಬೇತಿ, ಅನುಮತಿ ಇರುವವರು ಮಾಡಬೇಕಾದ ಕೆಲಸ. ಜನ ಮಲಗುವ ಮನೆಯೊಳಗೆ ಯಾರಿಂದಲೂ ಬೇಡ. ಹುಳ ಕಂಡ ಚೀಲವನ್ನು ಬೇರೆ ಮಾಡಿ, ಬಿಸಿಲು ಬಂದಾಗ ಹರಡಿ, ಕೊರೆದದ್ದು ಆರಿಸಿ, ಉಳಿದದ್ದನ್ನು ಬೇಗ ಮಾರುವುದೇ ಕ್ಷೇಮ.

ಅಟ್ಟಿ ಹಾಕುವಾಗ

ಸಿಮೆಂಟ್ ನೆಲಕ್ಕೆ ನೇರ ಇಡಬೇಡಿ, ಟೈಲ್ಸ್ ಆದರೂ ಅಷ್ಟೇ. ಅಡಿಯಲ್ಲಿ ಮರದ ಹಲಗೆ ಅಥವಾ ಅಡಿಕೆ ಮರದ ಸಲಾಕೆ ಇರಲಿ, ಗೋಡೆಯಿಂದ ಒಂದೂವರೆ ಅಡಿ ಬಿಡಿ. ಆ ಸಂದಿಯಲ್ಲಿ ನೀವು ಟಾರ್ಚ್ ಹಿಡಿದು ಓಡಾಡುವಂತಿರಬೇಕು. ಚೀಲಕ್ಕೊಂದು ಚೀಟಿ ಕಟ್ಟಿ: ಯಾವ ವರ್ಷದ್ದು, ತುಂಬಿದ ದಿನ, ತೂಕ. ಸಿಂಗಲ್ ಚೋಲ್ ಮಾಲಿಗೆ ಹೊಸತು ಬೆರೆತರೆ ಇಡೀ ಲಾಟಿನ ರೇಟು ಕೆಳಗೆ ಹೋಗುತ್ತದೆ, ಹಾಗಾಗಿ ವರ್ಷದ ಗುರುತು ಅಳಿಯಬಾರದು.

ಮಳೆಗಾಲದಲ್ಲಿ ಲೈನರ್ ಚೀಲ ಬಿಚ್ಚಿ ನೋಡುವ ಚಪಲ ಬೇಡ. ಹದಿನೈದು ದಿನಕ್ಕೊಮ್ಮೆ ಹೊರಗಿನಿಂದ ನೋಡಿ: ಚೀಲದ ಬುಡದಲ್ಲಿ ಹುಡಿ ಉದುರಿದೆಯೇ, ಇಲಿ ಕಡಿದಿದೆಯೇ, ಮುಗ್ಗಲು ವಾಸನೆ ಇದೆಯೇ. ಸಂಶಯ ಬಂದ ಚೀಲ ಮಾತ್ರ ತೆರೆಯಿರಿ. ನವರಾತ್ರಿ ಕಳೆದು ಬಿಸಿಲು ಗಟ್ಟಿಯಾದ ಮೇಲೆ ಎಲ್ಲವನ್ನೂ ಒಮ್ಮೆ ಬಿಚ್ಚಿ, ಒಂದೆರಡು ದಿನ ಒಣಗಿಸಿ, ತೂಕ ಮಾಡಿ. ಚೀಟಿಯ ತೂಕಕ್ಕೂ ಈಗಿನದ್ದಕ್ಕೂ ವ್ಯತ್ಯಾಸ ಎಷ್ಟು ನೋಡಿದರೆ, ಇನ್ನೊಂದು ವರ್ಷ ಇಡಬೇಕೋ ಸಿಂಗಲ್ ಚೋಲ್ ಆದ ಕೂಡಲೇ ಕೊಡಬೇಕೋ ಅನ್ನುವುದನ್ನು ಅಂದಾಜಿನಲ್ಲಲ್ಲ, ಲೆಕ್ಕದಲ್ಲೇ ತೀರ್ಮಾನಿಸಬಹುದು.