ಮನುಷ್ಯ ಒಳ್ಳೆಯವನೇ, ಆದರೆ ಗೆಲ್ತಾನಾ?



ಚುನಾವಣೆ ಹತ್ತಿರ ಬಂತೆಂದರೆ ಮುಂಬ್ರಾದಿಂದ ಹೊರಡುವ ಬೆಳಗಿನ ಲೋಕಲ್‌ನಲ್ಲಿ ಮಾತಿಗೆ ಬೇರೆ ವಿಷಯವೇ ಬೇಡ. ಠಾಣೆ ಬರುವಷ್ಟರಲ್ಲಿ ಎಲ್ಲ ಪಕ್ಷಗಳ ಟಿಕೆಟ್ ಹಂಚಿ ಮುಗಿದಿರುತ್ತದೆ. ಕುರ್ಲಾದಲ್ಲಿ ಮತ ಎಣಿಕೆ. ದಾದರ್ ಹೊತ್ತಿಗೆ ಮಂತ್ರಿಮಂಡಲವೂ ತಯಾರು! ಡೊಂಬಿವಲಿಯವರಾಗಲಿ ಕಲ್ಯಾಣದವರಾಗಲಿ, ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ, ಈ ಚರ್ಚೆಯಲ್ಲಿ ಒಂದು ಮಾತು ಮಾತ್ರ ತಪ್ಪುವುದೇ ಇಲ್ಲ. “ಮನುಷ್ಯ ಒಳ್ಳೆಯವನೇ, ಆದರೆ ಗೆಲ್ತಾನಾ?”

ಇದು ನಮ್ಮೊಬ್ಬರ ಚಿಂತೆಯಲ್ಲ. ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆಗೆ ಮೊದಲು ಪಕ್ಷದೊಳಗೇ ಒಂದು ಚುನಾವಣೆ ನಡೆಯುತ್ತದೆ. ಅಲ್ಲಿ ಆರಂಭದಲ್ಲೇ ಮುಂದೆ ಓಡುವ ಕುದುರೆಯನ್ನು ನೋಡಿ ಜನ ಕೇಳುವುದೂ ಇದನ್ನೇ. ಪಕ್ಷದವರಿಗೆ ಇಷ್ಟವಾಗಿದ್ದಾನೆ ಸರಿ, ಊರಿಗೆಲ್ಲ ಇಷ್ಟವಾಗುತ್ತಾನಾ? ಈ ಪ್ರಶ್ನೆಗೆ ಉತ್ತರ ಹುಡುಕಲು ಅಷ್ಟು ದೂರ ಹೋಗಬೇಕಿಲ್ಲ. ನಮ್ಮ ಈ ಮಹಾನಗರದಲ್ಲೇ, ನಮ್ಮ ಮಂಗಳೂರಿನ ಒಬ್ಬ ಹುಡುಗನ ವಿಷಯದಲ್ಲಿ, 1967ರಲ್ಲಿ ಈ ಪ್ರಶ್ನೆ ಎದ್ದಿತ್ತು. ಬನ್ನಿ, ಆ ಕಥೆಯನ್ನು ಒಮ್ಮೆ ನೋಡೋಣ.

ಆಗ ದಕ್ಷಿಣ ಬೊಂಬಾಯಿ ಲೋಕಸಭಾ ಕ್ಷೇತ್ರವೆಂದರೆ ಎಸ್.ಕೆ. ಪಾಟೀಲ್. ಸದಾಶಿವ ಕಾನೋಜಿ ಪಾಟೀಲರು ಮೂರು ಬಾರಿ ಈ ನಗರದ ಮೇಯರ್ ಆಗಿದ್ದವರು, ಬೊಂಬಾಯಿ ಕಾಂಗ್ರೆಸ್ಸಿನ ಸರ್ವಾಧಿಕಾರಿ, ಪಕ್ಷದ ಖಜಾನೆಗೆ ಹಣ ಹರಿಸುವ ಕೈ. ಕೇಂದ್ರದಲ್ಲಿ ಆಹಾರ ಮಂತ್ರಿಯಾಗಿದ್ದರು, ಚುನಾವಣೆಯ ಹೊತ್ತಿಗೆ ರೈಲ್ವೆ ಮಂತ್ರಿ. ಪತ್ರಿಕೆಗಳು ಅವರನ್ನು ‘ಬೊಂಬಾಯಿಯ ಕಿರೀಟವಿಲ್ಲದ ದೊರೆ’ ಎಂದು ಕರೆಯುತ್ತಿದ್ದವು. 1952, 1957, 1962 ಹೀಗೆ ಮೂರು ಚುನಾವಣೆ ಗೆದ್ದಿದ್ದರು. ಅದರಲ್ಲೂ 1957ರದ್ದು ಸಾಮಾನ್ಯ ಗೆಲುವಲ್ಲ. ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಬಿರುಗಾಳಿ ನಗರದಲ್ಲಿ ಕಾಂಗ್ರೆಸ್ಸನ್ನು ಅಲ್ಲಾಡಿಸಿದ್ದ ವರ್ಷ ಅದು. ಬೊಂಬಾಯಿ ಮಹಾರಾಷ್ಟ್ರಕ್ಕೆ ಸೇರಕೂಡದು ಎಂದು ವಾದಿಸಿದ್ದ ಪಾಟೀಲರು ಅಂಥ ಗಾಳಿಯಲ್ಲೂ ಗೆದ್ದಿದ್ದರು. ಅಂದಮೇಲೆ ಅವರನ್ನು ಸೋಲಿಸುವವರು ಯಾರು?

ಎದುರಿಗೆ ನಿಂತವರು ಜಾರ್ಜ್ ಫೆರ್ನಾಂಡಿಸ್. 1930ರ ಜೂನ್ 3ರಂದು ಮಂಗಳೂರಿನಲ್ಲಿ ಹುಟ್ಟಿದವರು. ಪಾದ್ರಿಯಾಗಲೆಂದು ಮನೆಯವರು ಬೆಂಗಳೂರಿನ ಸೆಮಿನರಿಗೆ ಕಳಿಸಿದರು, ಅದನ್ನು ಬಿಟ್ಟು ಬಂದರು. ‘ರೈತವಾಣಿ’ ಎಂಬ ಕನ್ನಡ ವಾರಪತ್ರಿಕೆಯ ಸಂಪಾದಕರಾಗಿದ್ದರು. ಹತ್ತೊಂಬತ್ತರ ವಯಸ್ಸಿನಲ್ಲಿ ಕೆಲಸ ಹುಡುಕಿಕೊಂಡು ಬೊಂಬಾಯಿಗೆ ಬಂದು ಚೌಪಾಟಿಯ ಬೆಂಚಿನ ಮೇಲೆ ಮಲಗಿ ದಿನ ಕಳೆದದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಬಂದರಿನ ಕಾರ್ಮಿಕರ ನಾಯಕರಾಗಿದ್ದ, ನಮ್ಮ ಕರಾವಳಿಯವರೇ ಆದ ಪ್ಲಾಸಿಡ್ ಡಿಮೆಲ್ಲೋ ಅವರ ಗರಡಿಯಲ್ಲಿ ಪಳಗಿದರು. ಹೋಟೆಲು ಕಾರ್ಮಿಕರು, ಟ್ಯಾಕ್ಸಿ ಚಾಲಕರು, ಪಾಲಿಕೆಯ ನೌಕರರು, ಹೀಗೆ ಈ ನಗರವನ್ನು ದಿನಾ ನಡೆಸುವವರ ಯೂನಿಯನ್ ಕಟ್ಟಿದರು. 1961ರಲ್ಲಿ ಮಹಾನಗರಪಾಲಿಕೆಯ ಸದಸ್ಯರಾದರು. 1967ರಲ್ಲಿ ಸಂಯುಕ್ತ ಸಮಾಜವಾದಿ ಪಕ್ಷದಿಂದ ಪಾಟೀಲರ ಎದುರು ನಿಂತಾಗ ವಯಸ್ಸು 36.

ಈಗ ನೀವು ಆ ಕಾಲದ ಗಿರ್‌ಗಾಂವಿನ ಒಂದು ಚಾಳಿನ ಕಟ್ಟೆಯ ಮೇಲೆ ಕೂತಿದ್ದೀರಿ ಎಂದುಕೊಳ್ಳಿ. ಲೆಕ್ಕ ಹಾಕಿ ನೋಡಿ. ಪಾಟೀಲರ ಬಳಿ ಹಣ, ಪಕ್ಷ, ಅಧಿಕಾರ ಮೂರೂ ಇದೆ. ಜಾರ್ಜ್ ಬಳಿ ಯೂನಿಯನ್ನಿನ ಹುಡುಗರು. ಹಾಕಿಕೊಳ್ಳುವುದು ಸುಕ್ಕಾದ ಜುಬ್ಬಾ. ಹೆಸರು ಕ್ರೈಸ್ತ, ಊರು ಮಂಗಳೂರು. ಅಷ್ಟೇ ಅಲ್ಲ, 1966ರ ಜೂನ್‌ನಲ್ಲಿ ಶಿವಸೇನೆ ಹುಟ್ಟಿತ್ತು. ದಕ್ಷಿಣದವರು ನಮ್ಮ ಕೆಲಸ ಕಸಿಯುತ್ತಾರೆ ಎಂಬ ಕೂಗು ಜೋರಾಗಿ, ಉಡುಪಿ ಹೋಟೆಲಿನವರು ಗಲ್ಲೆಯ ಹಿಂದೆ ಕೂತು ಬಾಗಿಲ ಕಡೆ ನೋಡುತ್ತಿದ್ದ ಕಾಲ ಅದು. ಇಂಥ ಹೊತ್ತಿನಲ್ಲಿ ಕನ್ನಡ ನಾಡಿನಿಂದ ಬಂದವನೊಬ್ಬ ಲೋಕಸಭೆಗೆ ನಿಲ್ಲುವುದೇ? “ಜಾರ್ಜ್ ಒಳ್ಳೆಯವನೇ, ಆದರೆ…” ಎಂದು ನೀವೂ ಹೇಳುತ್ತಿದ್ದಿರಿ, ನಾನೂ ಹೇಳುತ್ತಿದ್ದೆ.

ಆದರೆ ಜನರ ಮನಸ್ಸಿನಲ್ಲಿ ಇನ್ನೊಂದು ಲೆಕ್ಕವೂ ನಡೆದಿತ್ತು. ಎರಡು ವರ್ಷ ಮಳೆ ಕೈಕೊಟ್ಟಿತ್ತು. ಧಾನ್ಯದ ಬೆಲೆ ಏರಿತ್ತು. 1966ರ ಜೂನ್ 6ರಂದು ರೂಪಾಯಿಯ ಬೆಲೆ ಇಳಿಸಲಾಗಿ, ನಾಲ್ಕು ರೂಪಾಯಿ 76 ಪೈಸೆಗೆ ಸಿಗುತ್ತಿದ್ದ ಡಾಲರ್ ಏಳೂವರೆ ರೂಪಾಯಿ ಆಗಿತ್ತು. ಗಿರಣಿ ಕಾರ್ಮಿಕನಿಗೆ ಸಿಟ್ಟು. ಸಂಯುಕ್ತ ಮಹಾರಾಷ್ಟ್ರಕ್ಕಾಗಿ ಗುಂಡೇಟಿಗೆ ಬಲಿಯಾದವರನ್ನು ಮರೆಯದ ಮರಾಠಿ ಮನೆಗಳಿಗೆ ಪಾಟೀಲರ ಮೇಲೆ ಹಳೆಯ ಸಿಟ್ಟು. ಸಿಟ್ಟಿಗೇನೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ನಂಬಿಕೆಗೆ. ಪ್ರತಿಯೊಬ್ಬನೂ ‘ನನಗೇನೋ ಪಾಟೀಲರು ಬೇಡ, ಆದರೆ ಉಳಿದವರೆಲ್ಲ ಅವರಿಗೇ ಹಾಕುತ್ತಾರೆ’ ಎಂದುಕೊಂಡಿದ್ದ. ಪಕ್ಕದ ಖೋಲಿಯವನೂ ಅದನ್ನೇ ಅಂದುಕೊಂಡಿದ್ದ.

ಜಾರ್ಜ್ ಕೈ ಹಾಕಿದ್ದು ಅಲ್ಲಿಗೇ. ದೇವರು ಬಂದರೂ ನನ್ನನ್ನು ಸೋಲಿಸಲಾರ ಎಂಬ ಅರ್ಥದ ಮಾತನ್ನು ಪಾಟೀಲರು ಆಡಿದ್ದರಂತೆ. ಈ ಕಥೆಯನ್ನು ಮುಂಬಯಿಯಲ್ಲಿ ಇವತ್ತಿಗೂ ಹೇಳುತ್ತಾರೆ. ಅದು ಹೇಗೇ ಇರಲಿ, ನಗರದ ಗೋಡೆಗಳ ಮೇಲೆ ಬಂದ ಜಾರ್ಜ್ ಪೋಸ್ಟರುಗಳ ಸಾರ ಮಾತ್ರ ಇಷ್ಟೇ: ಪಾಟೀಲರನ್ನು ಸೋಲಿಸಲು ನಿಮ್ಮಿಂದ ಸಾಧ್ಯ. ಗಮನಿಸಿ, ಜಾರ್ಜ್ ಒಳ್ಳೆಯವನು, ವಿದ್ಯಾವಂತ, ಹೋರಾಟಗಾರ ಎಂದೇನೂ ಅಲ್ಲಿ ಹೇಳಿರಲಿಲ್ಲ. ಅಭ್ಯರ್ಥಿಯ ಗುಣಗಾನ ಬಿಟ್ಟು ಮತದಾರನಿಗೇ ಅವನ ಬಲವನ್ನು ನೆನಪಿಸಿದರು. ‘ಗೆಲ್ತಾನಾ?’ ಎಂದು ಕೇಳುತ್ತಿದ್ದವನಿಗೆ ‘ನೀನು ಗೆಲ್ಲಿಸ್ತೀಯಾ?’ ಎಂದು ತಿರುಗಿ ಕೇಳಿದ ಹಾಗೆ.

ಎಣಿಕೆ ಮುಗಿದಾಗ ಜಾರ್ಜ್‌ಗೆ ಸುಮಾರು ಶೇ. 48ರಷ್ಟು ಮತ ಬಂದಿತ್ತು, ರೈಲ್ವೆ ಮಂತ್ರಿ ಸೋತಿದ್ದರು. ‘ಜಾರ್ಜ್ ದಿ ಜಯಂಟ್ ಕಿಲ್ಲರ್’ ಎಂಬ ಬಿರುದು ಅಂದಿನಿಂದ ಕೊನೆಯವರೆಗೂ ಅವರಿಗೆ ಅಂಟಿಕೊಂಡಿತು. ಆ ವರ್ಷ ಸೋತ ಆನೆ ಇದೊಂದೇ ಅಲ್ಲ. ಕಾಂಗ್ರೆಸ್ ಅಧ್ಯಕ್ಷ ಕಾಮರಾಜರನ್ನು ಅವರ ಸ್ವಂತ ಊರಾದ ವಿರುಧುನಗರದಲ್ಲೇ ಒಬ್ಬ ವಿದ್ಯಾರ್ಥಿ ನಾಯಕ ಸೋಲಿಸಿದರು. ಲೋಕಸಭೆಯಲ್ಲಿ ಕಾಂಗ್ರೆಸ್ 283 ಸ್ಥಾನಕ್ಕೆ ಇಳಿಯಿತು.

ಇದೇ ನಗರದಲ್ಲಿ, ಇದೇ ಚುನಾವಣೆಯಲ್ಲಿ, ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಕಥೆಯೂ ಇದೆ. ವಿ.ಕೆ. ಕೃಷ್ಣ ಮೆನನ್ 1957 ಮತ್ತು 1962ರಲ್ಲಿ ಉತ್ತರ ಬೊಂಬಾಯಿಯಿಂದ ಗೆದ್ದವರು. ಎರಡನೆಯ ಬಾರಿ ಆಚಾರ್ಯ ಕೃಪಲಾನಿಯಂಥವರನ್ನೇ ಸೋಲಿಸಿದ್ದರು. ಆದರೆ ಚೀನಾ ಯುದ್ಧದ ನಂತರ ಅವರ ಹೆಸರು ಕೆಟ್ಟಿತ್ತು. 1967ರಲ್ಲಿ ಬೊಂಬಾಯಿ ಕಾಂಗ್ರೆಸ್ ಅವರನ್ನು ಹೊರಗಿನವರೆಂದು ಹೇಳಿ ಟಿಕೆಟ್ ಕೊಡಲಿಲ್ಲ. ಆ ಕಾಂಗ್ರೆಸ್ಸಿನ ಯಜಮಾನರು ಯಾರು? ಇದೇ ಪಾಟೀಲರು! ಮೆನನ್ ಈಶಾನ್ಯ ಬೊಂಬಾಯಿಯಲ್ಲಿ ಪಕ್ಷೇತರರಾಗಿ ನಿಂತು ಕಾಂಗ್ರೆಸ್ಸಿನ ಎಸ್.ಜಿ. ಬರ್ವೆ ಎದುರು ಸೋತರು. ಶಿವಸೇನೆಯೂ ಅವರ ವಿರುದ್ಧ ಕೆಲಸ ಮಾಡಿತ್ತು. ಅಂದರೆ, ಮೆನನ್ ಗೆಲ್ಲುವ ಕುದುರೆ ಅಲ್ಲ ಎಂಬ ಪಕ್ಷದ ಲೆಕ್ಕ ಸರಿಯಾಯಿತು. ಆದರೆ ‘ಹೊರಗಿನವನು ಈ ನಗರದಲ್ಲಿ ಗೆಲ್ಲಲಾರ’ ಎಂಬ ಸೂತ್ರ ಕೆಲವೇ ಮೈಲು ದಕ್ಷಿಣದಲ್ಲಿ ಸುಳ್ಳಾಯಿತು. ಮೆನನ್ ಕೂಡ 1969ರಲ್ಲಿ ಬಂಗಾಳದ ಮಿಡ್ನಾಪುರದಿಂದ ಗೆದ್ದು ಲೋಕಸಭೆಗೆ ಮರಳಿದರು. ಅಲ್ಲೇನು ಅವರು ಊರಿನವರೇ?

ಮುಂದೆ ಓಡುವ ಕುದುರೆ ಎಡವುವುದನ್ನು ನೋಡಬೇಕೆಂದರೆ ಕರ್ನಾಟಕಕ್ಕೆ ಬನ್ನಿ. 1962ರ ವಿಧಾನಸಭಾ ಚುನಾವಣೆಯ ನಂತರ ಮೈಸೂರು ರಾಜ್ಯದ ಮುಖ್ಯಮಂತ್ರಿ ಯಾರೆಂದು ಕೇಳಿದರೆ ಬರುತ್ತಿದ್ದ ಉತ್ತರ ಎಸ್. ನಿಜಲಿಂಗಪ್ಪ. ಏಕೀಕರಣದ ಹಿರಿಯ ನಾಯಕರು, ಒಮ್ಮೆ ಮುಖ್ಯಮಂತ್ರಿ ಆಗಿದ್ದವರು. ಪಕ್ಷ ಗೆದ್ದಿತು, ಅವರು ಮಾತ್ರ ಹೊಸದುರ್ಗದಲ್ಲಿ ಸೋತರು! ಎಸ್.ಆರ್. ಕಂಠಿಯವರು ಮಾರ್ಚ್‌ನಿಂದ ಜೂನ್‌ವರೆಗೆ ಮುಖ್ಯಮಂತ್ರಿಯಾಗಿದ್ದು, ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿ ಬಂದ ಮೇಲೆ ಕುರ್ಚಿ ಬಿಟ್ಟುಕೊಟ್ಟರು. ರಾಜ್ಯಕ್ಕೆಲ್ಲ ಬೇಕಾದವರನ್ನು ಒಂದು ತಾಲ್ಲೂಕು ಬೇಡವೆಂದಿತ್ತು.

ಇನ್ನು ಅಮೆರಿಕ. 2003ರ ಕೊನೆಯಲ್ಲಿ ಡೆಮಾಕ್ರಟಿಕ್ ಪಕ್ಷದಲ್ಲಿ ಎಲ್ಲರಿಗಿಂತ ಮುಂದಿದ್ದವರು ಹೊವರ್ಡ್ ಡೀನ್. ಇವರು ಬುಷ್ ಎದುರು ಗೆಲ್ಲುವವರಲ್ಲ ಎಂದುಕೊಂಡ ಪಕ್ಷದವರು ಜಾನ್ ಕೆರ್ರಿಯನ್ನು ಆರಿಸಿದರು. 2004ರ ನವೆಂಬರ್‌ನಲ್ಲಿ ಆ ‘ಗೆಲ್ಲುವ’ ಕೆರ್ರಿಯೂ ಸೋತರು. ಇನ್ನೊಂದು ಉದಾಹರಣೆ ಬರಾಕ್ ಒಬಾಮಾ ಅವರದು. ಮೊದಮೊದಲು ಕಪ್ಪು ಜನರಲ್ಲೇ ಅನೇಕರು ಬಿಳಿಯರು ಇವರಿಗೆ ವೋಟು ಹಾಕುತ್ತಾರಾ ಎಂದು ಅನುಮಾನಿಸಿ ಹಿಲರಿ ಕ್ಲಿಂಟನ್ ಕಡೆ ಇದ್ದರು. 2008ರ ಜನವರಿ 3ರಂದು ಬಹುಪಾಲು ಬಿಳಿಯರೇ ಇರುವ ಅಯೋವಾ ರಾಜ್ಯದಲ್ಲಿ ಒಬಾಮಾ ಗೆದ್ದರು. ಅನುಮಾನ ಕರಗಿತು. ಒಬಾಮಾ ಬದಲಾಗಿರಲಿಲ್ಲ. ಉಳಿದವರ ಬಗ್ಗೆ ಜನ ಇಟ್ಟುಕೊಂಡಿದ್ದ ಎಣಿಕೆ ಬದಲಾಗಿತ್ತು. ಗಿರ್‌ಗಾಂವಿನಲ್ಲಿ ಆದದ್ದೂ ಅದೇ ಅಲ್ಲವೇ?

ಹಾಗಂತ ‘ಗೆಲ್ತಾನಾ’ ಎಂದು ಕೇಳುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಜಾರ್ಜ್ ಜೀವನವನ್ನೇ ನೋಡಿ. 1971ರ ಇಂದಿರಾ ಅಲೆಯಲ್ಲಿ ಅವರೂ ಸೋತರು. 1977ರಲ್ಲಿ ಜೈಲಿನಲ್ಲಿದ್ದುಕೊಂಡೇ, ಒಂದು ದಿನವೂ ಪ್ರಚಾರಕ್ಕೆ ಹೋಗದೆ, ಬಿಹಾರದ ಮುಜಫ್ಫರಪುರದಿಂದ ಮೂರು ಲಕ್ಷಕ್ಕೂ ಹೆಚ್ಚಿನ ಅಂತರದಲ್ಲಿ ಗೆದ್ದರು. 1984ರಲ್ಲಿ ಬೆಂಗಳೂರು ಉತ್ತರದಲ್ಲಿ, ಅಂದರೆ ತಮ್ಮ ಸ್ವಂತ ರಾಜ್ಯದಲ್ಲೇ, ಸಿ.ಕೆ. ಜಾಫರ್ ಷರೀಫ್ ಎದುರು ಸೋತರು. ಮನುಷ್ಯ ಒಬ್ಬನೇ. ಎಲ್ಲಿಯವನೋ ಆದ ಕಡೆ ಗೆದ್ದ, ಮನೆಯವನಾದ ಕಡೆ ಸೋತ. ಗೆಲುವು ಅಭ್ಯರ್ಥಿಯ ಜಾತಕದಲ್ಲಿ ಬರೆದಿರುವುದಾದರೆ ಹೀಗಾಗಬಾರದಿತ್ತು. ಕಾಲ, ಅಲೆ, ಎದುರಾಳಿ, ಮತ ಒಡೆಯುವ ಲೆಕ್ಕ ಎಲ್ಲವೂ ಇದೆ, ಒಪ್ಪೋಣ. ಆದರೆ ಆ ಲೆಕ್ಕದಲ್ಲಿ ನಮ್ಮದೂ ಒಂದು ಅಂಕಿ ಇದೆ. ಅದನ್ನು ಬಿಟ್ಟು ಕೂಡಿಸಿದರೆ ಮೊತ್ತ ಹೇಗೆ ಸರಿಯಾದೀತು?

ಈ ಮಾತು ನಮ್ಮಂಥವರಿಗೆ ಇನ್ನೂ ಹೆಚ್ಚು ಬೇಕು. ಮುಂಬ್ರಾ, ಠಾಣೆ, ಡೊಂಬಿವಲಿ, ನವಿ ಮುಂಬಯಿ ಎಲ್ಲ ಕಡೆ ಕನ್ನಡಿಗರು ಚದುರಿಕೊಂಡಿದ್ದೇವೆ. ಎಲ್ಲೂ ಬಹುಮತವಿಲ್ಲ. ಅದಕ್ಕೇ ‘ನಮ್ಮ ನಾಲ್ಕು ವೋಟಿನಿಂದ ಏನಾಗಬೇಕು, ಗೆಲ್ಲುವವರಿಗೇ ಹಾಕೋಣ’ ಎಂಬ ಮಾತು ನಮ್ಮ ಬಾಯಲ್ಲಿ ಬೇಗ ಬರುತ್ತದೆ. ಗೆಲ್ಲುವವರಿಗೆ ಹಾಕಿದ ವೋಟನ್ನು ಗೆದ್ದವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಲ್ಲಿ ನೀರು, ಫುಟ್‌ಪಾತು, ಕನ್ನಡ ಶಾಲೆಯ ಕೊಠಡಿ ಎಂದು ಕೇಳಲು ಹೋದಾಗ ‘ನೀವು ಹೇಗೂ ನಮ್ಮವರೇ’ ಎಂದು ಚಹಾ ಕುಡಿಸಿ ಕಳಿಸುತ್ತಾರೆ. ನಿಮ್ಮ ವೋಟು ಎತ್ತ ಹೋದೀತೋ ಎಂಬ ಅನುಮಾನ ಇದ್ದಾಗಲೇ ಮನೆ ಬಾಗಿಲಿಗೆ ಬರುತ್ತಾರೆ.

ಸೋತ ರೈಲ್ವೆ ಮಂತ್ರಿಯ ಕುರ್ಚಿಯಲ್ಲಿ 1989ರಲ್ಲಿ ಜಾರ್ಜ್ ತಾವೇ ಕೂತರು. ಕೊಂಕಣ ರೈಲ್ವೆಗೆ ಚಾಲನೆ ಕೊಟ್ಟರು. 1998ರ ಜನವರಿ 26ರಂದು ಆ ಹಳಿ ಪೂರ್ತಿ ತೆರೆಯಿತು. 2019ರ ಜನವರಿ 29ರಂದು ಜಾರ್ಜ್ ತೀರಿಕೊಂಡರು. ಇವತ್ತು ಮಂಗಳೂರಿಗೆ ಹೋಗುವ ಮತ್ಸ್ಯಗಂಧ ಠಾಣೆ ದಾಟಿ ದಿವಾದ ಹತ್ತಿರ ಪನ್ವೇಲ್ ಕಡೆ ಹೊರಳುತ್ತದೆ. ಮುಂದಿನ ಸಲ ಊರಿಗೆ ಹೊರಟಾಗ, ಆ ತಿರುವಿನಲ್ಲಿ, ಜೊತೆಗಿರುವ ಮಕ್ಕಳಿಗೆ 1967ರ ಆ ಪೋಸ್ಟರಿನ ಕಥೆ ಹೇಳಿ. ಆ ಚಾಳುಗಳ ಜನ ‘ಗೆಲ್ತಾನಾ’ ಎಂದು ಕೇಳಿ ಸುಮ್ಮನೆ ಕೂತಿದ್ದರೆ ಹೇಳಲು ನಮಗೆ ಕಥೆಯೇ ಇರುತ್ತಿರಲಿಲ್ಲ.

ಮತ್ತೆ ಸಿಗೋಣ, ರೇಡಿಯೋದಲ್ಲೂ, ಈ ಪುಟದಲ್ಲೂ. ಕೇಳುತ್ತಿರಿ.