ಇಸಿಯು ಮಾತಾಡದಿದ್ದಾಗ: ಟ್ಯೂನಿಂಗ್ ಸಂಪರ್ಕದೋಷಗಳ ಸಮೀಕ್ಷೆ

ಲ್ಯಾಪ್‌ಟಾಪಿನಲ್ಲಿ ‘ಕಮ್ಯುನಿಕೇಶನ್ ಎರರ್’ ಎಂದು ಬಂದರೆ ಈಗಿನ ಗ್ಯಾರೇಜುಗಳಲ್ಲಿ ಎರಡೇ ತೀರ್ಪು: ಇಸಿಯು (ಎಂಜಿನ್ ಕಂಟ್ರೋಲ್ ಯೂನಿಟ್) ಲಾಕ್ ಆಗಿದೆ, ಇಲ್ಲವೇ ಟೂಲ್ ಡೂಪ್ಲಿಕೇಟ್. ಮೊದಲನೆಯದಾದರೆ ಗಾಡಿಯವನು ಹೊಸ ಇಸಿಯುಗೆ ದುಡ್ಡು ತೆರುತ್ತಾನೆ, ಎರಡನೆಯದಾದರೆ ಟ್ಯೂನರ್ ಹೊಸ ಟೂಲಿಗೆ. ಮಲ್ಟಿಮೀಟರ್ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ರಿಮ್ಯಾಪ್ ಮಾಡಿ ಎಷ್ಟು ಹಾರ್ಸ್‌ಪವರ್ ಏರಿಸಿದೆವು ಎಂಬ ವಿಡಿಯೊಗಳಿಗೆ ಬರವಿಲ್ಲ. ಟೂಲಿಗೂ ಇಸಿಯುಗೂ ನಡುವೆ ಮಾತು ಯಾಕೆ ನಿಂತಿತು, ಅದನ್ನು ಹುಡುಕುವ ವಿದ್ಯೆ ಹೇಗೆ ಬೆಳೆಯಿತು ಎಂದು ಬರೆದವರು ವಿರಳ.

ಮೊದಲ ಹಂತದಲ್ಲಿ ಸಂಪರ್ಕವೇ ಇರಲಿಲ್ಲ, ಹಾಗಾಗಿ ಸಂಪರ್ಕದೋಷವೂ ಇಲ್ಲ. 1980ರ ದಶಕದ ಇಸಿಯುಗಳಲ್ಲಿ ಮ್ಯಾಪ್‌ಗಳಿದ್ದದ್ದು ಇಪ್ರಾಮ್ ಚಿಪ್ಪಿನಲ್ಲಿ. 27ಸಿ256 ಎಂದರೆ ಒಟ್ಟು 32 ಕಿಲೋಬೈಟ್. ಬೆಸುಗೆ ಬಿಡಿಸಿ, ಹೊಸದನ್ನು ಬರೆದು ಕೂರಿಸುವುದು. ಸ್ಟಾರ್ಟ್ ಆಗದಿದ್ದರೆ ಬಾಗಿದ ಪಿನ್ನೋ ಚೆಕ್‌ಸಮ್ಮೋ ಕಾರಣ. ಜನರಲ್ ಮೋಟರ್ಸ್ ಗಾಡಿಗಳಲ್ಲಿ 160 ಬಾಡ್ ವೇಗದ ತಂತಿಯೊಂದು ಇತ್ತಾದರೂ ಅದು ಒಮ್ಮುಖದ್ದು. ಇಸಿಯು ಹೇಳುತ್ತಿತ್ತು, ಟೂಲ್ ಕೇಳುತ್ತಿತ್ತು, ಅಷ್ಟೆ.

ನಿಜವಾದ ಪಾಠ ಶುರುವಾದದ್ದು ಕೆ-ಲೈನ್‌ನಿಂದ. ಐಎಸ್‌ಒ 9141 ಮಾನಕ ಬಂದದ್ದು 1989ರಲ್ಲಿ. ಒಂದೇ ತಂತಿ, ಯಾರೂ ಮಾತಾಡದಿರುವಾಗ ಅದರ ಮೇಲೆ ಹೆಚ್ಚುಕಡಿಮೆ ಬ್ಯಾಟರಿಯಷ್ಟೇ ವೋಲ್ಟೇಜ್ ಇರಬೇಕು. ಟೂಲ್ 5 ಬಾಡ್ ವೇಗದಲ್ಲಿ ವಿಳಾಸ ಕೂಗುತ್ತದೆ. ಹತ್ತು ಬಿಟ್‌ಗೆ ಪೂರಾ ಎರಡು ಸೆಕೆಂಡು. ಇಸಿಯು ಹೆಕ್ಸ್ 55 ಎಂದು ಓಗೊಟ್ಟು ಎರಡು ಕೀ ಬೈಟ್ ಕಳಿಸುತ್ತದೆ, ಟೂಲ್ ಎರಡನೆಯದನ್ನು ತಿರುವುಮುರುವು ಮಾಡಿ ಮರಳಿಸುತ್ತದೆ. ಆಮೇಲೆ ಬಂದ ಕೆಡಬ್ಲ್ಯುಪಿ 2000 ಪ್ರೋಟೋಕಾಲ್ ಈ ಕೂಗನ್ನು 25 ಮಿಲಿಸೆಕೆಂಡು ಕೆಳಗೆ, 25 ಮೇಲೆ ಎಂಬಷ್ಟಕ್ಕೆ ಇಳಿಸಿತು. ಐದು ಸೆಕೆಂಡು ಟೂಲ್ ಸುಮ್ಮನಿದ್ದರೆ ಇಸಿಯು ಮಾತು ಮುಗಿಸಿಬಿಡುತ್ತದೆ.

ಈ ಒಂಟಿ ತಂತಿಯ ದೊಡ್ಡ ಗುಣ ಪ್ರತಿಧ್ವನಿ. ಬಾವಿಗೆ ಕೂಗಿದಂತೆ, ಟೂಲ್ ಕಳಿಸಿದ ಪ್ರತಿ ಬೈಟೂ ಅದಕ್ಕೇ ವಾಪಸು ಕೇಳಿಸುತ್ತದೆ. ಪ್ರತಿಧ್ವನಿಯೇ ಇಲ್ಲ ಎಂದರೆ ಮೊದಲು ಕೇಬಲ್, ಡ್ರೈವರ್, ಪೋರ್ಟ್ ನೋಡಿ. ಪ್ರತಿಧ್ವನಿ ಇದ್ದು ಉತ್ತರವಿಲ್ಲ ಎಂದರೆ ಗಾಡಿಯ ಕಡೆ ಹೋಗಿ: ಇಗ್ನಿಷನ್ ಫೀಡ್, ಫ್ಯೂಸ್, ಅರ್ತ್. ದೋಷವನ್ನು ಎರಡು ಹೋಳು ಮಾಡುವ ಈ ಉಪಾಯ ಗೊತ್ತಿಲ್ಲದೆ ಇಸಿಯು ಬಿಚ್ಚಿದವರು ನಮ್ಮಲ್ಲಿ ಈಗಲೂ ಇದ್ದಾರೆ. ಆ ಕಾಲದ ಫೋಕ್ಸ್‌ವ್ಯಾಗನ್ ಬಳಗದ ಎಷ್ಟೋ ಗಾಡಿಗಳಲ್ಲಿ ಕೆ-ಲೈನ್ ಸ್ಟೀರಿಯೊದ ಹಿಂಬದಿಗೂ ಹೋಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹೊಸ ಸ್ಟೀರಿಯೊ ಹಾಕಿಸಿಕೊಂಡು ಬಂದ ಗಾಡಿಯ ಇಸಿಯು ಇದ್ದಕ್ಕಿದ್ದಂತೆ ಮೂಕವಾದರೆ, ಮೊದಲು ಸ್ಟೀರಿಯೊದ ಕನೆಕ್ಟರ್ ಕಿತ್ತು ನೋಡುವುದು ನಮ್ಮ ತಲೆಮಾರಿನ ರೂಢಿ. ತಂತಿಯನ್ನು ಆ ಸ್ಟೀರಿಯೊ ಕೆಳಗೆಳೆದು ಹಿಡಿದಿರುತ್ತದೆ.

ಲ್ಯಾಪ್‌ಟಾಪ್‌ಗಳಿಂದ ಸೀರಿಯಲ್ ಪೋರ್ಟ್ ಮಾಯವಾದಾಗ ಗೊಂದಲ ಮತ್ತೊಂದು ಮಗ್ಗುಲಿಗೆ ಹೊರಳಿತು. ಯುಎಸ್‌ಬಿ ಕೇಬಲ್‌ನ ಎಫ್‌ಟಿಡಿಐ ಚಿಪ್ಪು ತಾನಾಗಿ 16 ಮಿಲಿಸೆಕೆಂಡು ಕಾದು ಡೇಟಾ ಒಪ್ಪಿಸುತ್ತದೆ. ಕೆ-ಲೈನ್‌ನ ಬಿಗಿ ಸಮಯಕ್ಕೆ ಅದು ಹೊಂದುವುದಿಲ್ಲ. ಡ್ರೈವರ್ ಸೆಟ್ಟಿಂಗಿನಲ್ಲಿ ಲೇಟೆನ್ಸಿಯನ್ನು 1ಕ್ಕೋ 2ಕ್ಕೋ ಇಳಿಸಿದರೆ ‘ಸತ್ತ’ ಕೇಬಲ್ ಎಷ್ಟೋ ಸಲ ಎದ್ದು ಕೂರುತ್ತದೆ. 2014ರ ಅಕ್ಟೋಬರಿನಲ್ಲಿ ಎಫ್‌ಟಿಡಿಐ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ಬಂದು ನಕಲಿ ಚಿಪ್ಪುಗಳ ಗುರುತು ಸಂಖ್ಯೆಯನ್ನೇ ಸೊನ್ನೆ ಮಾಡಿತು. ರಾತ್ರೋರಾತ್ರಿ ಕೆಲಸ ಬಿಟ್ಟ ಕೇಬಲ್‌ಗಳ ಅಪವಾದವನ್ನು ಗಾಡಿಗಳು ಹೊತ್ತವು.

ಇದೇ ಹೊತ್ತಿಗೆ ಬೆಳೆದ ಮುಕ್ತ ಶಾಖೆಗೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ. ಬ್ರೂಸ್ ಬೌಲಿಂಗ್ ಮತ್ತು ಆಲ್ ಗ್ರಿಪ್ಪೊ ಅವರ ಮೆಗಾಸ್ಕ್ವರ್ಟ್, ಆಮೇಲೆ ಆರ್ಡುಯಿನೊ ಮೆಗಾ ಬೋರ್ಡಿನ ಮೇಲೆ ನಿಂತ ಸ್ಪೀಡುಯಿನೊ. ಇಲ್ಲಿ ಬೋರ್ಡನ್ನು ಕಟ್ಟಿದವನೇ ದೋಷವನ್ನೂ ಹುಡುಕಬೇಕು. ಐಡ್ಲಿಂಗ್‌ನಲ್ಲಿ ಸರಿಯಿದ್ದ ಸಂಪರ್ಕ ಆಕ್ಸಿಲರೇಟರ್ ಒತ್ತಿದೊಡನೆ ಕಡಿದರೆ ಸಾಫ್ಟ್‌ವೇರನ್ನು ಬಯ್ಯಬೇಡಿ. ಸ್ಪಾರ್ಕಿನ ಗದ್ದಲ ಡೇಟಾ ತಂತಿಗೆ ನುಗ್ಗಿದೆ. ರೆಸಿಸ್ಟರ್ ಪ್ಲಗ್ ಹಾಕಿ, ಇಸಿಯು ಮತ್ತು ಸೆನ್ಸರ್‌ಗಳ ಅರ್ತನ್ನು ಬೆರೆಸಬೇಡಿ: ಸೆನ್ಸರ್ ಅರ್ತ್ ಇಸಿಯುಗೆ ಮರಳಲಿ, ಇಸಿಯು ಅರ್ತ್ ಎಂಜಿನ್ ಬ್ಲಾಕಿನ ಒಂದೇ ಜಾಗಕ್ಕೆ ಬರಲಿ, ಯುಎಸ್‌ಬಿ ಕೇಬಲ್ಲನ್ನು ಕಾಯಿಲ್‌ಗಳಿಂದ ದೂರವಿಡಿ. ದುಬಾರಿ ಟೂಲ್‌ಗಳ ಕೈಪಿಡಿಯಲ್ಲಿ ಇದಕ್ಕೆ ಒಂದು ಸಾಲು ಸಿಕ್ಕರೆ ಪುಣ್ಯ.

ಕೆ-ಲೈನ್‌ನ ಜಾಗಕ್ಕೆ ಬಂದ ಕ್ಯಾನ್ ಬಸ್ಸನ್ನು ಬಾಷ್ ಡೆಟ್ರಾಯಿಟ್‌ನಲ್ಲಿ ಪ್ರಕಟಿಸಿದ್ದು 1986ರಲ್ಲಿ. ಅಮೆರಿಕದಲ್ಲಿ 2008ರ ಮಾದರಿಗಳಿಂದ ಡಯಾಗ್ನೋಸ್ಟಿಕ್‌ಗೆ ಅದು ಕಡ್ಡಾಯವಾಯಿತು. 2010ರ ಏಪ್ರಿಲಿನಲ್ಲಿ ಬೆಂಗಳೂರು ಸೇರಿ ನಮ್ಮ 13 ನಗರಗಳಿಗೆ ಬಿಎಸ್-4 ಬಂದ ಮೇಲೆ ನಮ್ಮ ಕೆಲಸವೂ ನಿಧಾನವಾಗಿ ಅತ್ತ ಸರಿಯಿತು. ಇಲ್ಲಿಯ ಮೊದಲ ಪರೀಕ್ಷೆಗೆ ಎರಡು ನಿಮಿಷ ಸಾಕು: ಬ್ಯಾಟರಿ ಬಿಚ್ಚಿ, 16 ಪಿನ್ನಿನ ಸಾಕೆಟ್‌ನಲ್ಲಿ 6 ಮತ್ತು 14ರ ನಡುವೆ ಓಮ್ಸ್ ಅಳೆಯಿರಿ. 60 ಬಂದರೆ ಸರಿ. 120 ಬಂದರೆ ಒಂದು ತುದಿಯ ಟರ್ಮಿನೇಷನ್ ರೆಸಿಸ್ಟರ್ ಕಾಣೆ, 40 ಬಂದರೆ ಎಲ್ಲೋ ಒಂದು ಹೆಚ್ಚಾಗಿದೆ. ಹೊಸಬರು ಈ ಮೂರು ಅಂಕಿ ಕಲಿಯುವ ಮೊದಲೇ ಬೆಂಚ್ ಮೋಡ್, ಬೂಟ್ ಮೋಡ್ ಎನ್ನತೊಡಗುತ್ತಾರೆ. ಫ್ಲಾಶ್ ಅರ್ಧಕ್ಕೆ ನಿಂತ ಇಡಿಸಿ17 ಇಸಿಯುವನ್ನು ಬೂಟ್ ಮೋಡ್ ಬದುಕಿಸಬಲ್ಲದು, ನಿಜ. ಬರೆಯುವಾಗ ರೇಡಿಯೇಟರ್ ಫ್ಯಾನ್ ಆನ್ ಆಗಿ ವೋಲ್ಟೇಜ್ ಕುಸಿದದ್ದಕ್ಕೆ ಮದ್ದು ಮಾತ್ರ ಸ್ಥಿರವಾಗಿ 13.5 ವೋಲ್ಟ್ ಕೊಡುವ ಸಪ್ಲೈ. ಮಾಮೂಲಿ ಚಾರ್ಜರ್ ಸಾಲದು.

ಯುಡಿಎಸ್ ಡಯಾಗ್ನೋಸ್ಟಿಕ್ ಪ್ರೋಟೋಕಾಲ್ ಬಂದ ಮೇಲಂತೂ ಇಸಿಯು ಬಾಯಿಬಿಟ್ಟು ಕಾರಣ ಹೇಳುತ್ತದೆ. 7ಎಫ್ ಎಂದು ಶುರುವಾಗುವ ಉತ್ತರದ ಕೊನೆಯ ಬೈಟ್ 35 ಆದರೆ ಕೀ ತಪ್ಪು, 37 ಆದರೆ ಇನ್ನೂ ಕಾಯಬೇಕು, 78 ಆದರೆ ಕೆಲಸ ನಡೆಯುತ್ತಿದೆ, 93 ಆದರೆ ವೋಲ್ಟೇಜ್ ಕಡಿಮೆ. ಇಷ್ಟು ಸ್ಪಷ್ಟವಾದ ಉತ್ತರವನ್ನು ಕೈಯಲ್ಲಿಟ್ಟುಕೊಂಡೂ ಎಷ್ಟೋ ಟೂಲ್‌ಗಳು ಪರದೆಗೆ ತರುವುದು ಅದೇ ‘ಕಮ್ಯುನಿಕೇಶನ್ ಎರರ್’. 37 ಬಂದಾಗ ಹತ್ತು ನಿಮಿಷ ಇಗ್ನಿಷನ್ ಆನ್ ಇಟ್ಟು ಕೂತರೆ ಮುಗಿಯಬಹುದಾದ ಸಂಗತಿ, ಇಸಿಯು ಬದಲಾವಣೆಯಲ್ಲಿ ಮುಗಿಯುವುದು ಹೀಗೆ.

2015ರಲ್ಲಿ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಲಸೆಕ್ ದೂರದಿಂದಲೇ ಜೀಪ್ ಒಂದನ್ನು ಹಿಡಿತಕ್ಕೆ ತಂದು ತೋರಿಸಿದರು. 14 ಲಕ್ಷ ಗಾಡಿಗಳನ್ನು ಕಂಪನಿ ವಾಪಸು ಕರೆಸಿತು. ಫಿಯೆಟ್ ಕ್ರೈಸ್ಲರ್ 2018ರ ಮಾದರಿಗಳಿಂದ ಸಾಕೆಟ್ಟಿಗೂ ಇಸಿಯುಗೂ ನಡುವೆ ಅನುಮತಿಯಿಲ್ಲದ ಆಜ್ಞೆಗಳನ್ನು ತಡೆಯುವ ಗೇಟ್‌ವೇ ಕೂರಿಸಿತು, ಉಳಿದವರೂ ಅದೇ ಹಾದಿ ಹಿಡಿದರು. ಇನ್ನು ಮುಂದೆ ಮಾತು ಕೇಳಿಸದಿರುವುದು ಬೇರೆ, ಕೇಳಿಸಿಯೂ ಬೇಡ ಎನ್ನುವುದು ಬೇರೆ. ಎರಡನ್ನೂ ಬಿಡಿಸಿ ನೋಡಲು ಬೇಕಾದದ್ದು ನಾಲ್ಕೇ ಸಂಗತಿ: ಆ ಕ್ಷಣದ ಬ್ಯಾಟರಿ ವೋಲ್ಟೇಜ್, ಟೂಲ್ ಕೊನೆಗೆ ಕೇಳಿದ ಪ್ರಶ್ನೆ, ಬಂದ ಉತ್ತರದ ಕಚ್ಚಾ ಬೈಟ್‌ಗಳು, ನಡುವಿನ ಮಿಲಿಸೆಕೆಂಡುಗಳು. ಟೂಲ್ ಕೊಳ್ಳುವಾಗ ಎಷ್ಟು ಗಾಡಿಗಳ ಪಟ್ಟಿಯಿದೆ ಎಂದು ಎಲ್ಲರೂ ಕೇಳುತ್ತಾರೆ. ಈ ನಾಲ್ಕನ್ನು ಅದು ಲಾಗ್‌ನಲ್ಲಿ ತೋರಿಸುತ್ತದೆಯೇ ಎಂದು ಕೇಳುವವರು ಕಡಿಮೆ.