ಸೈನಿಕನ ಹಸಿವು: ಯುದ್ಧಾನಂತರದ ಆಹಾರವಿಕಾರಗಳ ಚರಿತ್ರೆ

ಸೈನ್ಯದ ಆಹಾರವನ್ನು ಕುರಿತು ಚರಿತ್ರಕಾರರು ಬರೆದಿರುವುದು ಬಹುಮಟ್ಟಿಗೆ ಸರಬರಾಜಿನ ಚರಿತ್ರೆ. ಎಷ್ಟು ಮೂಟೆ ಧಾನ್ಯ, ಎಷ್ಟು ಬಂಡಿ, ಮುತ್ತಿಗೆಗೊಳಗಾದ ಕೋಟೆ ಎಷ್ಟು ದಿನ ತಡೆಯಿತು, ಇವೇ ಅದರ ಪ್ರಶ್ನೆಗಳು. ಸೆರೆಯ ಬಾಗಿಲು ತೆರೆದ ಮೇಲೆ, ಹಸಿದಿದ್ದ ಯೋಧನು ಮನೆಗೆ ಮರಳಿ ಊಟಕ್ಕೆ ಕುಳಿತಾಗ ಏನಾಯಿತೆಂದು ಕೇಳಿದವರು ವಿರಳ. ಎರಡನೆಯ ಮಹಾಯುದ್ಧ ಹಾಗೂ ಅನಂತರದ ಕಾಲದ ಅಮೆರಿಕ, ಕೆನಡಗಳ ಅನುಭವವನ್ನು ಆಧರಿಸಿ ಆ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

1942ರ ಏಪ್ರಿಲ್ 9ರಂದು ಫಿಲಿಪೈನ್ಸಿನ ಬಟಾನಿನಲ್ಲಿದ್ದ ಅಮೆರಿಕನ್ ಮತ್ತು ಫಿಲಿಪಿನೊ ಪಡೆಗಳು ಜಪಾನೀಯರಿಗೆ ಶರಣಾದವು. ಆ ಯುದ್ಧರಂಗದಲ್ಲಿ ಸೆರೆಸಿಕ್ಕಿ ಮನಿಲದ ಬಿಲಿಬಿಡ್ ಸೆರೆಮನೆ ಸೇರಿದವರು ತಮ್ಮ ತಮ್ಮ ಮನೆಗಳ ಅಡುಗೆಯ ಕ್ರಮವನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಅಮೆರಿಕದ ಅಧಿಕಾರಿಯೊಬ್ಬರು ಬರೆದಿಟ್ಟುಕೊಂಡ ಆ ಸಂಗ್ರಹವು 1946ರಲ್ಲಿ ಪುಸ್ತಕವಾಗಿ ಹೊರಬಂದಿತು. ಹೊಟ್ಟೆಗಿಲ್ಲದವರು ರಚಿಸಿದ ಈ ಪಾಕಗ್ರಂಥವನ್ನು ಕೇವಲ ಕುತೂಹಲದ ವಸ್ತುವೆಂದು ಬದಿಗಿಡುವಂತಿಲ್ಲ. ಹಸಿವು ದೇಹವನ್ನು ಮಾತ್ರವಲ್ಲದೆ ಚಿತ್ತವನ್ನೂ ಆಕ್ರಮಿಸುತ್ತದೆಂಬುದಕ್ಕೆ ಅದು ದಾಖಲೆ.

ಇದೇ ಸಂಗತಿಯು ಅದೇ ಕಾಲದಲ್ಲಿ ಪ್ರಯೋಗಶಾಲೆಯಲ್ಲಿಯೂ ಗೋಚರವಾಯಿತು. ಮಿನ್ನೆಸೋಟ ವಿಶ್ವವಿದ್ಯಾನಿಲಯದ ಕ್ರೀಡಾಂಗಣದ ಕೆಳಗಿನ ಕೋಣೆಗಳಲ್ಲಿ ಆನ್ಸೆಲ್ ಕೀಸ್ ಎಂಬ ಶರೀರಶಾಸ್ತ್ರಜ್ಞರು 1944ರ ನವೆಂಬರಿನಲ್ಲಿ 36 ಮಂದಿ ತರುಣರನ್ನು ಇರಿಸಿಕೊಂಡು ಪ್ರಯೋಗವನ್ನಾರಂಭಿಸಿದರು. ಯುದ್ಧಪೀಡಿತ ಯುರೋಪಿನ ಹಸಿದ ಜನರಿಗೆ ಮರಳಿ ಆಹಾರ ನೀಡುವ ಕ್ರಮವನ್ನರಿಯುವುದು ಅದರ ಗುರಿ. ಈ ತರುಣರು ಸೈನಿಕರಲ್ಲ. ಆತ್ಮಸಾಕ್ಷಿಯ ಕಾರಣದಿಂದ ಶಸ್ತ್ರ ಹಿಡಿಯಲೊಲ್ಲದೆ ಬದಲಿ ಸೇವೆಗೆ ಒಪ್ಪಿದವರು. ಸೈನಿಕನ ಹಸಿವನ್ನು ತಿಳಿಯಲು ನಮಗೆ ದೊರೆತಿರುವ ಅತ್ಯಂತ ವಿವರವಾದ ಸಾಕ್ಷ್ಯವು ಸೈನಿಕರಾಗಲು ನಿರಾಕರಿಸಿದವರಿಂದಲೇ ಬಂದುದು ಚರಿತ್ರೆಯ ವೈಚಿತ್ರ್ಯಗಳಲ್ಲೊಂದು. 1945ರ ಫೆಬ್ರವರಿಯಿಂದ 24 ವಾರಗಳ ಕಾಲ ಅವರಿಗೆ ಮೊದಲಿನ ಆಹಾರದ ಸುಮಾರು ಅರ್ಧ ಪಾಲು ಮಾತ್ರ ದೊರೆಯಿತು: ಆಲೂಗಡ್ಡೆ, ಟರ್ನಿಪ್ಪು, ಬ್ರೆಡ್ಡು. ದೇಹತೂಕದ ಕಾಲುಭಾಗದಷ್ಟನ್ನು ಕರಗಿಸುವುದು ಉದ್ದೇಶವಾಗಿತ್ತು. ಅವರು ತಟ್ಟೆಯನ್ನು ನೆಕ್ಕಿದರು, ಒಂದು ಊಟವನ್ನು ಗಂಟೆಗಟ್ಟಲೆ ಎಳೆದರು, ಅಡುಗೆಯ ಪುಸ್ತಕಗಳನ್ನು ಕೂಡಿಹಾಕಿದರು. ಅದಕ್ಕೂ ಗಮನಾರ್ಹವಾದುದು ಆಮೇಲಿನ ಕಥೆ. ನಿರ್ಬಂಧ ತೆಗೆದ ಮೇಲೆಯೂ ಹಲವರಿಗೆ ತೃಪ್ತಿಯೆಂಬುದೇ ಉಂಟಾಗಲಿಲ್ಲ. ಹೊಟ್ಟೆ ಬಿರಿಯುವಂತೆ ಉಂಡರೂ ಹಸಿವೆನ್ನುತ್ತಿದ್ದರು. ಒಬ್ಬನಿಗಂತೂ ಆಸ್ಪತ್ರೆಯಲ್ಲಿ ಜಠರವನ್ನು ತೊಳೆಯಬೇಕಾಯಿತು. ಕೀಸ್ ಮತ್ತು ಅವರ ಸಹೋದ್ಯೋಗಿಗಳು ಇದೆಲ್ಲವನ್ನೂ 1950ರಲ್ಲಿ ಎರಡು ಬೃಹತ್ಸಂಪುಟಗಳಲ್ಲಿ ಪ್ರಕಟಿಸಿದರು.

ಹೀಗಿದ್ದರೂ ಸೆರೆಯಿಂದ ಮರಳಿದ ಯೋಧರ ವಿಷಯದಲ್ಲಿ ಈ ತಿಳಿವಳಿಕೆ ಬಹುಕಾಲ ಉಪಯೋಗಕ್ಕೆ ಬರಲಿಲ್ಲ. 1873ರಲ್ಲಿ ಪ್ಯಾರಿಸ್ಸಿನ ಲಾಸೆಗ್ ಮತ್ತು ಲಂಡನ್ನಿನ ವಿಲಿಯಂ ಗಲ್ ಅವರು ಅನ್ನವನ್ನು ತೊರೆಯುವ ರೋಗವನ್ನು ವರ್ಣಿಸಿದಾಗ ಅವರ ಕಣ್ಣೆದುರಿಗಿದ್ದವರು ಮುಖ್ಯವಾಗಿ ತರುಣಿಯರು. ಆಹಾರವಿಕಾರವೆಂದರೆ ಸ್ತ್ರೀಯರ ರೋಗವೆಂಬ ಭಾವನೆ ಅಂದಿನಿಂದ ಬೇರೂರಿತು. ಮಿತಿಮೀರಿ ಉಂಡು ವಾಂತಿ ಮುಂತಾದ ಉಪಾಯಗಳಿಂದ ಅದನ್ನು ಹೊರಹಾಕುವ ವಿಕಾರಕ್ಕೆ ಜೆರಾಲ್ಡ್ ರಸೆಲ್ ಅವರು ಬುಲಿಮಿಯ ನರ್ವೋಸ ಎಂದು ಹೆಸರಿಟ್ಟುದು 1979ರಲ್ಲಿ. ಹತೋಟಿಯಿಲ್ಲದ ಅತಿಭೋಜನವು ಅಮೆರಿಕದ ಮನೋವೈದ್ಯರ ಅಧಿಕೃತ ರೋಗಪಟ್ಟಿಯಲ್ಲಿ ಸ್ವತಂತ್ರ ಸ್ಥಾನ ಪಡೆದುದು 2013ರಲ್ಲಿ. 1945ರಲ್ಲಿ ಮನೆಗೆ ಮರಳಿದ ಕೈದಿಯು ತನ್ನ ಸ್ಥಿತಿಯನ್ನು ಹೇಳಿಕೊಳ್ಳಬೇಕೆಂದಿದ್ದರೂ ಅದಕ್ಕೆ ಹೆಸರಿರಲಿಲ್ಲ. ನೋಡುವವರಿಗೆ ಅವನು ಬರಿಯ ಹೊಟ್ಟೆಬಾಕ. ಟೊರಾಂಟೊದ ಜಾನೆಟ್ ಪೊಲಿವಿ ಮೊದಲಾದವರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದೇ ಯುದ್ಧದಲ್ಲಿ ಹೋರಾಡಿಯೂ ಸೆರೆಸಿಕ್ಕದ ಯೋಧರಿಗಿಂತ ಮಾಜಿ ಕೈದಿಗಳಲ್ಲಿ ಅತಿಭೋಜನದ ಪ್ರವೃತ್ತಿ ಹೆಚ್ಚೆಂದು ಕಂಡುಬಂದಿತು. ಯುದ್ಧ ಮುಗಿದು ಆಗಲೇ ಅರ್ಧಶತಮಾನ ಕಳೆಯುತ್ತಲಿದ್ದಿತು.

ಶತ್ರುವು ಉಣಿಸದಿದ್ದ ಕಥೆ ಇದು. ಸ್ವಂತ ಸೈನ್ಯವೇ ತೂಕದ ನಿಯಮದಿಂದ ಉಪವಾಸಕ್ಕೆ ದೂಡಿದ ಕಥೆ ಇನ್ನೊಂದು. ಅಮೆರಿಕದ ರಕ್ಷಣಾ ಇಲಾಖೆಯು 1981ರ ನಿರ್ದೇಶದಲ್ಲಿ ದೇಹದ ಕೊಬ್ಬಿನ ಅಂಶಕ್ಕೆ ಮಿತಿಯನ್ನು ಗೊತ್ತುಮಾಡಿತು. ಕತ್ತು ಮತ್ತು ಸೊಂಟದ ಸುತ್ತಳತೆಯನ್ನು ಟೇಪಿನಿಂದ ಅಳೆದು ಅದನ್ನು ಲೆಕ್ಕಹಾಕುವ ಪದ್ಧತಿ ಬಳಕೆಗೆ ಬಂದಿತು. ಮಿತಿ ಮೀರಿದವರಿಗೆ ಬಡ್ತಿ ತಪ್ಪಬಹುದು, ಕೊನೆಗೆ ಉದ್ಯೋಗವೂ ಹೋಗಬಹುದು. ಅಳತೆಯ ದಿನ ಸಮೀಪಿಸಿದಂತೆ ಉಪವಾಸ, ಭೇದಿಮದ್ದು, ಬೆವರಿಳಿಸುವ ಬಿಸಿಕೋಣೆ, ಮಿತಿಯಿಲ್ಲದ ಕಸರತ್ತುಗಳಿಗೆ ಸೈನಿಕರು ಮೊರೆಹೋದುದನ್ನು 1990ರ ದಶಕದ ಸೇನಾವೈದ್ಯಕೀಯ ಲೇಖನಗಳು ದಾಖಲಿಸಿವೆ. ಈ ಎರಡು ಕಥೆಗಳನ್ನು ಸಮೀಕರಿಸುವುದು ಸರಿಯಲ್ಲ. ಬಿಲಿಬಿಡ್ಡಿನ ಹಸಿವಿಗೂ ಟೇಪಿನ ಭಯಕ್ಕೂ ಇರುವ ಅಂತರ ಅಗಾಧವಾದುದು. ಆದರೆ ನಿರ್ಬಂಧದ ಹಿಂದೆಯೇ ಅತಿಭೋಜನವು ಬರುತ್ತದೆಂಬ ಕ್ರಮವು ಎರಡರಲ್ಲಿಯೂ ಕಾಣುತ್ತದೆಂಬುದು ನನ್ನ ಅಭಿಪ್ರಾಯ. ನಿವೃತ್ತ ಯೋಧರಲ್ಲಿ ಇದರೊಡನೆ ಯುದ್ಧದ ಆಘಾತ, ಸೇವೆಯಲ್ಲಿ ಅನುಭವಿಸಿದ ಲೈಂಗಿಕ ದೌರ್ಜನ್ಯ ಮೊದಲಾದ ಬೇರೆ ಕಾರಣಗಳೂ ಸೇರಿಕೊಂಡಿವೆಯೆಂಬುದು ಈಚಿನ ಸಂಶೋಧನೆಗಳಿಂದ ತಿಳಿದುಬಂದಿದೆ.

ಈ ವಿಷಯದಲ್ಲಿ ಕೆಲಸಮಾಡಲಿಚ್ಛಿಸುವ ವಿದ್ಯಾರ್ಥಿಗಳು ಆಕರಗಳ ಸ್ವಭಾವವನ್ನು ಗಮನಿಸಬೇಕು. ಆಹಾರವಿಕಾರದ ಪೂರ್ವಚರಿತ್ರೆಯು ಅಮೆರಿಕದ ಸೈನ್ಯಕ್ಕೆ ಸೇರುವವರಿಗೆ ಅನರ್ಹತೆಯ ಕಾರಣವಾಗಿರುವುದರಿಂದ, ಅದನ್ನು ಮುಚ್ಚಿಡುವುದರಲ್ಲಿ ಅಭ್ಯರ್ಥಿಗೆ ಸ್ಪಷ್ಟವಾದ ಲಾಭವಿದೆ. ಆದಕಾರಣ ವೈದ್ಯಕೀಯ ಕಡತಗಳ ಸಂಖ್ಯೆಗಳಿಗಿಂತ ಪತ್ರಗಳು, ದಿನಚರಿಗಳು, ಮನೆಯವರ ಸ್ಮರಣೆಗಳು ಇಲ್ಲಿ ಹೆಚ್ಚು ಉಪಯುಕ್ತವಾಗಬಹುದು.